ಸಹಿ ಹಾಕದ ಅಣ್ಣನಿಗೆ

ಗಾಜುವಾಕ,
ಭಾನುವಾರ

ಮಂಜಣ್ಣ,

ನೀನು ನನ್ನ ಫೋನ್ ಎತ್ತದೆ ಹದಿನೈದು ದಿನವಾಯಿತು. ಅದಕ್ಕೇ ಈ ಪತ್ರವನ್ನು ನಮ್ಮ ಯಜಮಾನರ ಕೈಲಿ ಕಳಿಸುತ್ತಿದ್ದೇನೆ. ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ತಿಳಿದ ದಿನದಿಂದ ನೀನು ಮಾತೇ ಬಿಟ್ಟಿದ್ದೀಯ. ಶುಕ್ರವಾರ ಬ್ಯಾಂಕಿಗೆ ರಜೆ ಹಾಕಿ ವಿಜಯವಾಡಕ್ಕೆ ಬಂದು, ಆಸ್ಪತ್ರೆಯಲ್ಲಿ ಸಂಜೆವರೆಗೆ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ನಿನ್ನ ಸಹಿಗಾಗಿ ಕಾದೆ. ನೀನು ಆಟೋನಗರ್‌ನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದೆಯಂತೆ.

"ನನ್ನಿಂದ ಅವಳ ಆಯುಷ್ಯ ಅರ್ಧ ಆಗೋದು ಬೇಡ" ಎಂದು ಅತ್ತಿಗೆಗೆ ಹೇಳಿದೆಯಂತೆ. ಅರ್ಧವಾಗುತ್ತದೆ ಎಂದು ನಿನಗೆ ಯಾರು ಹೇಳಿದರು? ಡಾಕ್ಟರು ನನಗೆ ಚಿತ್ರ ಬರೆದು ತೋರಿಸಿದರು. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಕಸವನ್ನು ಮೂತ್ರಕ್ಕೆ ಬಿಟ್ಟು, ಬೇಕಾದ ನೀರು, ಉಪ್ಪನ್ನು ರಕ್ತಕ್ಕೇ ಮರಳಿಸುತ್ತವೆ. ಒಂದನ್ನು ತೆಗೆದರೆ ಉಳಿದದ್ದು ತುಸು ಬೆಳೆದು ಹೆಚ್ಚು ಕೆಲಸ ಹೊತ್ತುಕೊಳ್ಳುತ್ತದೆ. ಅಪಾಯವೇ ಇಲ್ಲ ಎಂದು ಅವರು ಹೇಳಲಿಲ್ಲ. ಅದನ್ನೂ ಕೇಳಿಸಿಕೊಂಡೇ ನಾನು ಒಪ್ಪಿದ್ದೇನೆ. ನಮ್ಮವರೂ ಒಪ್ಪಿದ್ದಾರೆ. ಎದುರಿಗೇ ಇದ್ದಾರಲ್ಲ, ಕೇಳು.

ನಿನ್ನೆ ನಿನ್ನ ಶ್ರಾವ್ಯಾ ಫೋನ್ ಮಾಡಿ, "ಅತ್ತೆ, ಅಪ್ಪ ಡಯಾಲಿಸಿಸ್‌ಗೂ ಹೋಗಲ್ಲ ಅಂತಾರೆ, ನೀವೇ ಬನ್ನಿ" ಎಂದು ಅತ್ತಳು. ಹತ್ತು ವರ್ಷದ ಮಗುವಿನ ಬಾಯಲ್ಲಿ ಇದನ್ನು ಹೇಳಿಸಬೇಕಿತ್ತೇ?

ನಾಳೆ ತಪ್ಪದೆ ಡಯಾಲಿಸಿಸ್‌ಗೆ ಹೋಗು. ಆಧಾರ್ ಕಾರ್ಡು, ಹಳೆಯ ರಿಪೋರ್ಟುಗಳನ್ನು ತೆಗೆದಿಡು. ಬುಧವಾರ ಬೆಳಗಿನ ರೈಲಿಗೆ ಬರುತ್ತೇನೆ. ಜಗಳವನ್ನು ಸಹಿ ಹಾಕಿದ ಮೇಲೆ ಆಡೋಣ.

ನೀನು ಬೇಡವೆಂದರೆ ನನ್ನ ಎರಡೂ ಕಿಡ್ನಿ ನನ್ನಲ್ಲೇ ಉಳಿಯುತ್ತವೆ, ಅಣ್ಣ. ನೀನು ಉಳಿಯುವುದಿಲ್ಲ.

ನಿನ್ನ ತಂಗಿ,
ಲೀಲಾವತಿ