ಮೇಜಿನ ಕೆಳಗಿನ ಬಟ್ಟಲು

ಅಕ್ಕನ ಮನೆ,
ಗುರುವಾರ ಬೆಳಿಗ್ಗೆ

ನನ್ನ ಮಗಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಡುವೆ ಬಾಯಿ ಹಾಕಿ ನನ್ನನ್ನೇ ನಗಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ.

ಒಂಬತ್ತು ವರ್ಷ ಟೀವಿಯಲ್ಲಿ ನೀವು ಕಂಡವರ ಅಡುಗೆಯ ರುಚಿ ನೋಡಿ ತೀರ್ಪು ಕೊಟ್ಟಿರಿ. ಒಂಬತ್ತು ವರ್ಷವೂ ನಾನು ಆ ಮೇಜಿನ ಬಟ್ಟೆಯ ಮರೆಯಲ್ಲಿ ಸ್ಟೀಲ್ ಬಟ್ಟಲು ಹಿಡಿದು ಕುಕ್ಕರುಗಾಲಿನಲ್ಲಿ ಕೂತೆ. ನೀವು ಅಗಿದು, ಕಣ್ಣು ಮುಚ್ಚಿ, ಆಹಾ ಎನ್ನುವುದು; ಕ್ಯಾಮೆರಾ ಅತ್ತ ತಿರುಗಿದ ಕೂಡಲೇ ಬಗ್ಗಿ ಬಟ್ಟಲಿಗೆ ಉಗಿಯುವುದು. ಅನ್ನನಾಳದ ಕೆಳಬಾಯಿ ತೆರೆಯುವುದಿಲ್ಲ, ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನವೇ ನನ್ನ ಬಾಯಿಗೆ ಬೀಗ ಹಾಕಿದಿರಿ. ನುಂಗೋಕಾಗದವನ ತೀರ್ಪು ಯಾರು ಕೇಳ್ತಾರೆ ಅಂದಿರಿ. ಪಾಪ ಅನ್ನಿಸಿತು, ಒಪ್ಪಿದೆ. ಕಾರ್ಯಕ್ರಮದ ಕೊನೆಯಲ್ಲಿ ನನ್ನನ್ನು ‘ಉಡುಪು ಸಹಾಯಕಿ’ ಎಂದು ತೋರಿಸುತ್ತಾರೆ. ನಿಮ್ಮ ಅಂಗಿಯ ಒಂದು ಗುಂಡಿಯನ್ನೂ ನಾನು ಹೊಲಿದವಳಲ್ಲ.

ಹೋದ ವಾರ ಆ ಬಸ್ ಕಂಡಕ್ಟರ್ ಹುಡುಗಿ ಸ್ಪರ್ಧೆಗೆ ಬಂದಳು. ತಾನೇ ಮಾಡಿದ ಸೂಪಿಗೆ ಬ್ರೆಡ್ ಅದ್ದಿ ಒಂದು ತುತ್ತು ತಿಂದಳು. ಕುರ್ಚಿಯಿಂದ ಎದ್ದು, ಎರಡೂ ಕೈ ಮೇಲೆತ್ತಿ ನಿಂತು, ಆಮೇಲೆ ಒಂದು ಲೋಟ ನೀರು ಗಟಗಟ ಕುಡಿದು ತುತ್ತು ಇಳಿಯಲೆಂದು ಕಾದಳು. ನಮ್ಮ ಅಡುಗೆಮನೆಯಲ್ಲಿ ದಿನಾ ಸಂಜೆ ನೀವು ಮಾಡುವುದೂ ಅದನ್ನೇ. ನಿಮಗೆ ಗೊತ್ತಾಯಿತು, ನಿಮ್ಮ ಕಿವಿ ಕೆಂಪಾದದ್ದನ್ನು ಬಟ್ಟೆಯ ಸಂದಿಯಿಂದ ನೋಡಿದೆ. ಆದರೂ ಅಂದಿರಿ, ನೀನು ಮಾಡಿದ್ದು ನಿನ್ನ ಗಂಟಲಲ್ಲೇ ಇಳೀತಿಲ್ಲ, ನಮಗೆ ಬಡಿಸ್ತೀಯೇನಮ್ಮಾ ಅಂತ. ಪ್ರೇಕ್ಷಕರೆಲ್ಲ ಬಿದ್ದು ಬಿದ್ದು ನಕ್ಕರು. ನಾಚಿಕೆ ಆಗಲಿಲ್ಲವೇನ್ರೀ ನಿಮಗೆ?

ಆಮೇಲೆ ಸ್ಟುಡಿಯೋದ ಬಾತ್‌ರೂಮಿನಲ್ಲಿ ಮುಖ ತೊಳೆಯುತ್ತಾ ಸಿಕ್ಕಳು. ಮೂರು ವರ್ಷದಿಂದ ಹೀಗೇ, ಒಬ್ಬ ಡಾಕ್ಟರು ಗ್ಯಾಸ್ ಅಂದ್ರು, ಇನ್ನೊಬ್ಬರು ಬರೀ ಭಯ ಅಂದ್ರು ಅಂದಳು. ಯೂನಿಫಾರ್ಮಿನ ಬೆಲ್ಟಿಗೆ ಎರಡು ಹೊಸ ತೂತು ಹೊಡೆಸಿದ್ದಳು. ಕಾಯಿಲೆಯ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ನಿಮ್ಮ ಮಾನಕ್ಕೆ ಹೆದರಿ ಟವೆಲ್ ಕೊಟ್ಟು ಬಂದೆ. ಆ ಹೊತ್ತಿನಿಂದ ನಿಮ್ಮನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಿನ್ನೆ ಅವಳ ಡಿಪೋಗೆ ಹೋಗಿ ಕಾಯಿಲೆಯ ಹೆಸರು ಹೇಳಿ ನಮ್ಮ ಡಾಕ್ಟರ ವಿಳಾಸ ಕೊಟ್ಟೆ. ನಿಮಗೆ ಹೇಗೆ ಗೊತ್ತು ಅಂದಳು. ನಮ್ಮ ಮನೆಯಲ್ಲೂ ಒಬ್ಬರಿಗಿದೆ ಅಂದೆ, ಯಾರಿಗೆಂದು ಹೇಳಲಿಲ್ಲ. ಅದು ನೀವು ಹೇಳಬೇಕಾದದ್ದು.

ಶನಿವಾರದ ಫೈನಲ್ ನೇರ ಪ್ರಸಾರ. ಸೋತವರನ್ನೂ ಕರೆದಿದ್ದಾರೆ, ಅವಳೂ ಬರುತ್ತಾಳೆ. ಬಟ್ಟಲು ನನ್ನ ಹತ್ತಿರ ಇದೆ. ಮೇಜಿನ ಕೆಳಗೆ ನಾನೂ ಇರುವುದಿಲ್ಲ. ಮೊದಲ ತುತ್ತು ಬಾಯಿಗಿಡುವ ಮುಂಚೆ ಅವಳ ಮುಖ ನೋಡಿ ನಿಜ ಹೇಳಿ, ಕ್ಷಮೆ ಕೇಳಿ. ಆಗುವುದಿಲ್ಲವೆಂದರೆ, ಎಲ್ಲರೆದುರು ಎದ್ದು ನಿಂತು ಎರಡೂ ಕೈ ಮೇಲೆತ್ತಿ.

ಮಂಚದ ತಲೆಕಡೆಯ ಕಾಲಿನ ಕೆಳಗಿಟ್ಟ ಮರದ ತುಂಡು ಜರುಗಿದೆ, ಸರಿಮಾಡಿಕೊಂಡು ಮಲಗಿ. ತಲೆ ತಗ್ಗಾದರೆ ತಿಂದದ್ದೆಲ್ಲ ಮೇಲೆ ಬಂದು ಉಸಿರು ಕಟ್ಟೀತು.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಉಡುಪು ಸಹಾಯಕಿ

ತಾ.ಕ.: ಶನಿವಾರ ನಾನು ಅವಳ ಪಕ್ಕದಲ್ಲೇ ಕೂತಿರುತ್ತೇನೆ. ನಿಮ್ಮದು ಮುಗಿದ ಮೇಲೆ ನಾನೂ ಅವಳಿಗೆ ಒಂದು ಮಾತು ಹೇಳುವುದಿದೆ. ಪ್ರೇಕ್ಷಕರೆಲ್ಲ ನಕ್ಕರು ಎಂದು ಮೇಲೆ ಬರೆದೆನಲ್ಲ, ನಾನೂ ನಕ್ಕೆ. ನಿಮ್ಮ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕೆ.