ಎದುರು ಕುರ್ಚಿ

ಅಪ್ಪನಿಗೆ,

ಬಾಯಿಬಿಟ್ಟು ಕೇಳಲು ನಾಚಿಕೆ, ಅದಕ್ಕೇ ನಿಮ್ಮ ಕನ್ನಡಕದ ಕೆಳಗೆ ಈ ಚೀಟಿ ಇಟ್ಟಿದ್ದೇನೆ. ಆಸ್ಪತ್ರೆಯ ಕೆಲಸಕ್ಕೆ ನಾಳೆ ಬೆಳಿಗ್ಗೆ ಫೋನಿನಲ್ಲೇ ಸಂದರ್ಶನ. ಇದೂ ಕೈತಪ್ಪೀತೆಂದು ಊಟ ಸೇರುತ್ತಿಲ್ಲ. ಅಣ್ಣ ಪಕ್ಕದ ಕೋಣೆಯಿಂದ ಫೋನ್ ಮಾಡಿ ಅಭ್ಯಾಸ ಮಾಡಿಸಿದ. "ನಿಮ್ಮ ಬಗ್ಗೆ ಹೇಳಿ" ಅಂದದ್ದೇ ತಡ, ನನ್ನ ಬಾಯಿ ಕಟ್ಟಿತು. "ಏನೇ, ಲೈನಲ್ಲಿದ್ದೀಯಾ?" ಅಂತ ಗೋಡೆಯಾಚೆಯಿಂದಲೇ ಕೂಗಿದ. ಎದುರಿಗೊಂದು ಮುಖ ಕಾಣದಿದ್ದರೆ ನನಗೆ ಮಾತೇ ಹೊರಡುವುದಿಲ್ಲ.

ನಾಳೆ ಸಂದರ್ಶನದ ಹೊತ್ತಿಗೆ ಕುಕ್ಕರ್ ಕೂಗಿಸಬೇಡವೆಂದು ಅಮ್ಮನಿಗೆ ಹೇಳಿದ್ದೇನೆ. ನೀವು ಮಾತ್ರ ನನ್ನೆದುರು ಕುರ್ಚಿ ಹಾಕಿಕೊಂಡು ಕೂರಿ. ಆದರೆ ಕಿವಿಯ ಮಿಷನ್ ತೆಗೆದಿಡಿ. ನಾನು ತಡವರಿಸುವುದು ಕೇಳಿಸಿದರೆ ನಿಮ್ಮ ಮುಖ ಸಪ್ಪಗಾಗುತ್ತದೆ. ಕೇಳಿಸದಿದ್ದಾಗ ನಾನು ಏನು ಹೇಳಿದರೂ ಸರಿ ಸರಿ ಅಂತ ತಲೆಯಾಡಿಸುತ್ತೀರಲ್ಲ, ನನಗೆ ಅಷ್ಟು ಸಾಕು.

ನಿಮ್ಮ
ಕಿರಿಯವಳು