ಹಾವು ಸತ್ತಿಲ್ಲವೆಂದು ವಿಷದ ಮದ್ದಿಗೆ ಬೀಗ

ಔಷಧ ಪ್ರಯೋಗ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅತ್ತಿಗೆಗೆ ಮೂರು ಡೋಸ್ ಕೊಡುತ್ತೇವೆಂದು ಮಾತು ಕೊಟ್ಟು, ಎರಡಕ್ಕೇ ಕೈ ಎತ್ತಿದಿರಿ. ಮೂರನೆಯದು ನಮ್ಮದೇ ಪ್ರಯೋಗಾಲಯದ ಫ್ರಿಜ್‌ನಲ್ಲಿದೆ. ಬೀಗದ ಕೈ ನಿಮ್ಮಲ್ಲಿದೆ. ಕಾರಣ ಕೇಳಿದರೆ, ನಾನೇ ಬರೆದುಕೊಟ್ಟ ಅಂಕಿಯನ್ನು ನನಗೇ ತೋರಿಸುತ್ತೀರಿ.

ಹೌದು, ಎಣಿಸಿದವಳು ನಾನೇ. ಗಾಜಿನ ತಟ್ಟೆಯಲ್ಲಿ ಬೆಳೆದ ಸೂಕ್ಷ್ಮಾಣುಗಳ ಚುಕ್ಕೆ ಎಣಿಸುವುದೇ ಹತ್ತೊಂಬತ್ತು ವರ್ಷಗಳಿಂದ ನನ್ನ ಕಸುಬು. ಅತ್ತಿಗೆ ಇದೇ ಆಸ್ಪತ್ರೆಯ ಹೊದಿಕೆ ಒಗೆಯುವವಳು. ಅಂಗೈಯ ಒಂದು ಗೀರಿನಿಂದ 'ಸ್ಟ್ಯಾಫ್' ಎಂಬ ಸೂಕ್ಷ್ಮಾಣುವಿನ ಸೋಂಕು ಮುಂಗೈಗೆ ಏರಿತು. ಆಂಟಿಬಯಾಟಿಕ್ ಒಂದೂ ನಾಟಲಿಲ್ಲ. ಆಗ ತಾವು ವಾರ್ಡಿಗೆ ದಯಮಾಡಿಸಿ, "ಇದು ಹೊಸ ಮದ್ದಮ್ಮ. ಸೂಕ್ಷ್ಮಾಣುನ ಕೊಲ್ಲಲ್ಲ, ಅದು ಉಗುಳೋ ವಿಷಾನ ಕಟ್ಟಿಹಾಕುತ್ತೆ. ಮಿಕ್ಕಿದ್ದನ್ನ ನಿಮ್ಮ ಮೈಯೇ ನೋಡ್ಕೊಳ್ಳುತ್ತೆ. ಮೂರು ಡೋಸು, ನಾನಿದ್ದೀನಿ" ಎಂದಿರಿ. ಅವಳು ನಂಬಿ ಸಹಿ ಹಾಕಿದಳು.

ಎರಡನೇ ಡೋಸಿನ ಮರುದಿನ ಜ್ವರ ಇಳಿಯಿತು. ಚರ್ಮ ಕಪ್ಪಗಾಗುವುದು ಅಲ್ಲಿಗೇ ನಿಂತಿತು. ಎದ್ದು ಕೂತವಳೇ, "ಈ ಹೊದಿಕೆ ಒಗೆದವರ್ಯಾರೇ? ಸೋಪೇ ಹೋಗಿಲ್ಲ!" ಎಂದು ಬೈದಳು. ಆ ಬೈಗುಳ ಕೇಳಿ ನಾನು ಸಂತೋಷಕ್ಕೆ ಅತ್ತುಬಿಟ್ಟೆ. ಆದರೆ ನಿಮ್ಮ ನಮೂನೆಯಲ್ಲಿ ಬೈಗುಳಕ್ಕೆ ಕಲಂ ಇಲ್ಲ, ಜ್ವರಕ್ಕೂ ಇಲ್ಲ, ವಿಷಕ್ಕಂತೂ ಇಲ್ಲವೇ ಇಲ್ಲ. ಇರುವುದು ಒಂದೇ: 'ಉಳಿದ ಸೂಕ್ಷ್ಮಾಣುಗಳ ಸಂಖ್ಯೆ'. ಕೊಲ್ಲುವ ಔಷಧಗಳಿಗೆಂದು ಮಾಡಿದ ಹಳೆಯ ನಮೂನೆಯನ್ನೇ ಕೊಲ್ಲದ ಔಷಧಕ್ಕೂ ಅಂಟಿಸಿದಿರಿ. ಮೊದಲ ದಿನವೇ ನಾನು ಇದನ್ನು ಕೇಳಿದ್ದೆ. "ಆಮೇಲೆ ನೋಡೋಣ, ನೀವು ಎಣಿಸಿ ಸಾಕು" ಎಂದಿರಿ. ಎಣಿಸಿದೆ. ಚುಕ್ಕೆ ಕಡಿಮೆಯಾಗಿರಲಿಲ್ಲ. 'ಪರಿಣಾಮ ಶೂನ್ಯ' ಎಂದು ಷರಾ ಬರೆದು ಪ್ರಯೋಗವನ್ನೇ ಮುಚ್ಚಿದಿರಿ. ಹಾವು ಕಚ್ಚಿದವನಿಗೆ ಮದ್ದು ಕೊಟ್ಟು, ಅವನು ಬದುಕಿದನೇ ಎಂದು ನೋಡದೆ, ಹಾವು ಸತ್ತಿತೇ ಎಂದು ಹುತ್ತ ಅಗೆಯುವ ವೈದ್ಯರನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ನಿನ್ನೆಯಿಂದ ಮತ್ತೆ ಜ್ವರ. ಕಪ್ಪು ಮೊಣಕೈ ಮುಟ್ಟಿದೆ. ಶುಕ್ರವಾರ ಕೈಯನ್ನೇ ಕತ್ತರಿಸಿ ತೆಗೆಯಬೇಕಾದೀತು ಎನ್ನುತ್ತಿದ್ದಾರೆ ವಾರ್ಡಿನ ವೈದ್ಯರು. ಒಂದು ಸುಳ್ಳು ಅಂಕಿ ಬರೆದಿದ್ದರೆ ಅವಳ ಕೈ ಉಳಿಯುತ್ತಿತ್ತಲ್ಲ ಎಂದು ನನಗೇ ಅನ್ನಿಸುವಂತೆ ಮಾಡಿದಿರಲ್ಲ, ಅದನ್ನು ನಾನು ಕ್ಷಮಿಸಲಾರೆ. ಅವಳು ಮಾತ್ರ ಇನ್ನೂ ನಿಮ್ಮನ್ನು ನಂಬಿದ್ದಾಳೆ. "ಅಷ್ಟು ದೊಡ್ಡವರು 'ನಾನಿದ್ದೀನಿ' ಅಂದಿದ್ದಾರೆ ಕಣೇ, ಸುಮ್ಸುಮ್ನೆ ಅಂತಾರಾ?" ಎಂದು ನನಗೇ ಸಮಾಧಾನ ಹೇಳುತ್ತಾಳೆ.

ನಮೂನೆ ತಿದ್ದಲು ಎಷ್ಟು ಸಭೆಗಳನ್ನಾದರೂ ಸೇರಿ. ಬೀಗದ ಕೈಯನ್ನು ಮಾತ್ರ ಗುರುವಾರದೊಳಗೆ ಕಳಿಸಿ. ಆಗದಿದ್ದರೆ ತಾವೇ ವಾರ್ಡಿಗೆ ಬಂದು, 'ನಾನಿಲ್ಲ' ಎಂದು ಅವಳಿಗೆ ಹೇಳಿ ಹೋಗಿ. ಅದು ನನ್ನ ಕೈಲಾಗದು.

ಇಂತಿ,
ಸರಿಯಾಗಿ ಎಣಿಸಿ ಕೆಟ್ಟ,
ನಿಮ್ಮದೇ ಪ್ರಯೋಗಾಲಯದ ಎಣಿಕೆಯವಳು